ಕಾಲ್ಚೆಂಡಿನ ಆಟಗಾರನಿಗೆ ಕಟ್ಟಿದ ಬೆಲೆ

ವರ್ಗಾವಣೆ ಎಂಬ ಮಾತು ಸರ್ಕಾರಿ ನೌಕರರ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಉಪಾಧ್ಯಾಯನಿಗೆ ವರ್ಗವಾಯಿತೆಂದರೆ ಅವನು ಪಾತ್ರೆಪಡಗ ಕಟ್ಟಿಕೊಂಡು ಹೊಸ ಊರಿನ ದಾರಿ ಹಿಡಿಯುತ್ತಾನೆ. ಅವನನ್ನು ಕಳುಹಿಸಿಕೊಟ್ಟ ಶಾಲೆಗೆ ಹೊಸ ಶಾಲೆಯವರು ಒಂದು ಕಾಸನ್ನೂ ಕೊಡುವುದಿಲ್ಲ. ಕಾಲ್ಚೆಂಡಿನ ಲೋಕದಲ್ಲಿ ಹಾಗಲ್ಲ. ಅಲ್ಲಿ ಆಟಗಾರನು ಒಂದು ಕ್ಲಬ್ಬನ್ನು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಹೊಸ ಕ್ಲಬ್ಬು ಹಳೆಯ ಕ್ಲಬ್ಬಿಗೆ ಹಣ ಎಣಿಸಬೇಕು. ಇದು ಆಟಗಾರನ ಸಂಬಳವಲ್ಲ; ಸಂಬಳದ ಲೆಕ್ಕ ಬೇರೆ. ನಮ್ಮ ಹಳ್ಳಿಗಾಡಿನಲ್ಲಿ ಹಿಂದೆ ಕೆಲವು ಜನಗಳಲ್ಲಿ ಗಂಡಿನ ಕಡೆಯವರು ಹೆಣ್ಣಿನ ತಂದೆಗೆ ‘ತೆರ’ ಕೊಡುತ್ತಿದ್ದುದನ್ನು ಬಲ್ಲವರಿಗೆ ಈ ಪದ್ಧತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾಕಿದ ಮನೆಗೆ ಸಲ್ಲುವ ಹಣ ಅದು. ಹೋಗುವ ಜೀವದ ಕೈಗೆ ಬರುವುದು ಎಷ್ಟೆಂಬುದು ಬೇರೆ ಮಾತು.

ಈ ತೆರ ಈಗ ಎಲ್ಲಿಗೆ ಬಂದು ನಿಂತಿದೆ ಎಂದು ಕೇಳಿದರೆ ನೀವು ಬೆರಗಾಗುತ್ತೀರಿ. 2017ರಲ್ಲಿ ನೇಮಾರ್ ಎಂಬ ಬ್ರೆಜಿಲಿನ ಆಟಗಾರನಿಗಾಗಿ ಪ್ಯಾರಿಸಿನ ಕ್ಲಬ್ಬು ಬಾರ್ಸಿಲೋನಕ್ಕೆ ಕೊಟ್ಟ ಹಣ 22 ಕೋಟಿ 20 ಲಕ್ಷ ಯೂರೋ. 2025ರಲ್ಲಿ ಅಲೆಕ್ಸಾಂಡರ್ ಇಸಾಕನಿಗಾಗಿ ಲಿವರ್‌ಪೂಲ್ ಕ್ಲಬ್ಬು ನ್ಯೂಕಾಸಲಿಗೆ ಕೊಟ್ಟದ್ದು ಸುಮಾರು 12 ಕೋಟಿ 50 ಲಕ್ಷ ಪೌಂಡು. ಇವನ್ನು ರೂಪಾಯಿಗೆ ತಿರುಗಿಸಿ ನೋಡುವ ಶ್ರಮವನ್ನು ಓದುಗರೇ ವಹಿಸಿಕೊಳ್ಳಬೇಕು. ಕನ್ನಡದ ಮೇಷ್ಟರಿಂದ ಆ ಲೆಕ್ಕ ಆಗತಕ್ಕದ್ದಲ್ಲ.

ಇಷ್ಟು ಹಣ ಹರಿಯುವ ಕಡೆ ಸಣ್ಣ ಊರಿನ ಸಣ್ಣ ಕ್ಲಬ್ಬು ಬದುಕುವುದು ಹೇಗೆ? ಇದು ಇಂದು ನಿನ್ನೆ ಎದ್ದ ಪ್ರಶ್ನೆಯಲ್ಲ. ಈ ಹಣದ ಪದ್ಧತಿ ಹುಟ್ಟಿದ್ದೇ ಅದಕ್ಕೆ ಉತ್ತರವಾಗಿ. ಇಂಗ್ಲೆಂಡಿನ ಚರಿತ್ರೆಯಲ್ಲಿ ಅದು ಸ್ಪಷ್ಟವಾಗಿ ಕಾಣುವುದರಿಂದ ಆ ದೇಶವನ್ನೇ ಹಿಡಿಯೋಣ.

ಅಲ್ಲಿ ಸಂಬಳಕ್ಕಾಗಿ ಆಡುವುದನ್ನು ಒಪ್ಪಿಕೊಂಡದ್ದು 1885ರಲ್ಲಿ. ಮೂರು ವರ್ಷಗಳ ಮೇಲೆ, 1888ರಲ್ಲಿ, 12 ಕ್ಲಬ್ಬುಗಳು ಕೂಡಿ ಲೀಗನ್ನು ಕಟ್ಟಿದವು. ಆರು ಕ್ಲಬ್ಬುಗಳು ಹತ್ತಿ ಗಿರಣಿಗಳ ಲ್ಯಾಂಕಷೈರ್ ಪ್ರಾಂತದವು, ಉಳಿದ ಆರು ದೇಶದ ನಡುಭಾಗದವು. ರಾಜಧಾನಿಯಾದ ಲಂಡನಿನದು ಒಂದೂ ಇರಲಿಲ್ಲ. ಬರ್ನ್ಲಿ, ಬ್ಲ್ಯಾಕ್‌ಬರ್ನ್, ಅಕ್ರಿಂಗ್ಟನ್‌ಗಳಂಥ ಗಿರಣಿ ಊರುಗಳ ಕ್ಲಬ್ಬುಗಳಿಗೆ ಮೊದಲಿನಿಂದಲೂ ಒಂದು ಅಂಜಿಕೆ. ದೊಡ್ಡ ನಗರದ ಕ್ಲಬ್ಬಿಗೆ ನೋಟಕರು ಹೆಚ್ಚು, ಟಿಕೀಟಿನ ಹಣ ಹೆಚ್ಚು. ಹೆಚ್ಚು ಸಂಬಳದ ಆಸೆ ತೋರಿಸಿ ನಮ್ಮ ಹುಡುಗರನ್ನೆಲ್ಲ ಅವರು ಹಾರಿಸಿಕೊಂಡು ಹೋದರೆ ನಮ್ಮ ಮೈದಾನದಲ್ಲಿ ಉಳಿಯುವುದು ಗೋಲಿನ ಕಂಬಗಳು ಮಾತ್ರ ಎಂಬುದು ಆ ಅಂಜಿಕೆ. ಅದನ್ನು ಪರಿಹರಿಸಲು 1890ರ ದಶಕದ ಆರಂಭದಲ್ಲಿ ಲೀಗು ಒಂದು ಕಟ್ಟಳೆ ಮಾಡಿತು. ಆಟಗಾರನ ಹೆಸರು ಯಾವ ಕ್ಲಬ್ಬಿನಲ್ಲಿ ದಾಖಲಾಗಿದೆಯೋ ಆ ಕ್ಲಬ್ಬು ಒಪ್ಪಿ ಬಿಟ್ಟುಕೊಡದೆ ಅವನು ಲೀಗಿನ ಇನ್ನೊಂದು ಕ್ಲಬ್ಬಿಗೆ ಆಡುವಂತಿಲ್ಲ. ವರ್ಷದ ಕರಾರು ಮುಗಿದರೂ ಅಷ್ಟೇ. ಕ್ಲಬ್ಬು ಅವನನ್ನು ಆಡಿಸದೆ, ಸಂಬಳವನ್ನೂ ಕೊಡದೆ, ಹೆಸರನ್ನು ಮಾತ್ರ ಹಿಡಿದಿಟ್ಟುಕೊಳ್ಳಬಹುದಾಗಿತ್ತು. ಸಾಲದುದಕ್ಕೆ 1901ರಲ್ಲಿ ಯಾವ ಆಟಗಾರನಿಗೂ ವಾರಕ್ಕೆ 4 ಪೌಂಡಿಗಿಂತ ಹೆಚ್ಚು ಕೊಡಕೂಡದೆಂಬ ಮಿತಿ ಬಂದಿತು. ನಮ್ಮ ಭಾಷೆಯಲ್ಲಿ ಇದಕ್ಕೆ ಜೀತವೆಂಬ ಹೆಸರುಂಟು. ಸಣ್ಣ ಕ್ಲಬ್ಬನ್ನು ಉಳಿಸುವ ಉದ್ದೇಶ ಒಳ್ಳೆಯದೇ ಇರಬಹುದು; ಅದರ ಬೆಲೆಯನ್ನು ತೆತ್ತವನು ಆಟಗಾರ.

ಬಿಟ್ಟುಕೊಡಲು ಒಪ್ಪಿಗೆ ಬೇಕೆಂದ ಮೇಲೆ ಒಪ್ಪಿಗೆಗೆ ಬೆಲೆ ಹುಟ್ಟುವುದು ಸಹಜ. 1893ರಲ್ಲಿ ವಿಲ್ಲಿ ಗ್ರೋವ್ಸ್ ಎಂಬವನಿಗಾಗಿ ಆಸ್ಟನ್ ವಿಲ್ಲಾ ಕ್ಲಬ್ಬು 100 ಪೌಂಡು ಕೊಟ್ಟಿತು. 1905ರ ಫೆಬ್ರವರಿಯಲ್ಲಿ ಆಲ್ಫ್ ಕಾಮನ್ ಎಂಬವನನ್ನು ಮಿಡಲ್ಸ್‌ಬರೋ ಕ್ಲಬ್ಬು ಸಂಡರ್ಲೆಂಡಿನಿಂದ 1000 ಪೌಂಡಿಗೆ ಕೊಂಡಿತು. ಕಾಮನ್ ಎಂದರೆ ಇಂಗ್ಲಿಷಿನಲ್ಲಿ ಸಾಮಾನ್ಯ ಎಂದರ್ಥ. ಹೆಸರು ಸಾಮಾನ್ಯ, ಬೆಲೆ ಅಸಾಮಾನ್ಯ! ಮನುಷ್ಯನನ್ನು ದನದಂತೆ ವ್ಯಾಪಾರಕ್ಕಿಟ್ಟರೆಂದು ಪತ್ರಿಕೆಗಳಲ್ಲಿ ಗುಲ್ಲೆದ್ದಿತು. ಮಿಡಲ್ಸ್‌ಬರೋ ಮಾತ್ರ ವಿಚಾರಮಾಡಿಯೇ ಕೊಂಡಿತ್ತು. ಆಗ ಅದು ಮೊದಲ ದರ್ಜೆಯಿಂದ ಕೆಳಕ್ಕೆ ಬೀಳುವ ಸ್ಥಿತಿಯಲ್ಲಿತ್ತು. ಪರಸ್ಥಳದಲ್ಲಿ ಗೆದ್ದು ಎರಡು ವರ್ಷಗಳಾಗುತ್ತ ಬಂದಿದ್ದವು. ಕಾಮನ್ ಬಂದ ಮೊದಲ ಪಂದ್ಯದಲ್ಲೇ ಷೆಫೀಲ್ಡಿನಲ್ಲಿ ಪೆನಾಲ್ಟಿಯ ಗೋಲು ಹೊಡೆದು ಗೆಲ್ಲಿಸಿದನು. ಕ್ಲಬ್ಬು ಆ ವರ್ಷ ಮೊದಲ ದರ್ಜೆಯಲ್ಲೇ ಉಳಿಯಿತು. ಭಯದಿಂದ ಕೊಟ್ಟ ಹಣಕ್ಕೆ ಫಲ ಸಿಕ್ಕಿದ್ದನ್ನು ಉಳಿದವರು ಕಣ್ಣಾರೆ ಕಂಡರು. 1908ರಲ್ಲಿ 350 ಪೌಂಡಿಗೆ ಮೀರಿ ಕೊಡಬಾರದೆಂದು ಆಟದ ಅಧಿಕಾರಿಗಳು ಅಣೆಕಟ್ಟು ಹಾಕಿ ನೋಡಿದರು. ಅದು ಕೆಲವೇ ತಿಂಗಳಲ್ಲಿ ಒಡೆಯಿತು.

ಇಲ್ಲಿ ರೇಡಿಯೋ ಇಟ್ಟುಕೊಂಡವರಿಗೆ ಪ್ರಿಯವಾದ ಒಂದು ಸಂಗತಿಯನ್ನು ಹೇಳಬೇಕು. ಬಿ.ಬಿ.ಸಿ. ಮೊತ್ತಮೊದಲು ಕಾಲ್ಚೆಂಡಿನ ಲೀಗ್ ಪಂದ್ಯದ ವೀಕ್ಷಕ ವಿವರಣೆಯನ್ನು ಬಿತ್ತರಿಸಿದ್ದು 1927ರ ಜನವರಿ 22ರಂದು, ಲಂಡನಿನ ಆರ್ಸೆನಲ್ ಮೈದಾನದಿಂದ. ‘ರೇಡಿಯೋ ಟೈಮ್ಸ್’ ಪತ್ರಿಕೆ ಮೈದಾನವನ್ನು ಎಂಟು ಚೌಕಗಳಾಗಿ ಗೆರೆ ಹಾಕಿ ನಕ್ಷೆ ಅಚ್ಚುಮಾಡಿತ್ತು. ಚೆಂಡು ಯಾವ ಚೌಕದಲ್ಲಿದೆ ಎಂದು ಒಬ್ಬರು ಸಂಖ್ಯೆ ಹೇಳುತ್ತಿದ್ದರೆ ಕೇಳುವವರು ಮನೆಯಲ್ಲೇ ಕುಳಿತು ನಕ್ಷೆಯ ಮೇಲೆ ಬೆರಳಿಟ್ಟುಕೊಂಡು ಆಟವನ್ನು ಹಿಂಬಾಲಿಸಬಹುದಾಗಿತ್ತು. ಆ ದಿನ ಗೋಲು ಹೊಡೆದ ಚಾರ್ಲಿ ಬುಕನ್ನನನ್ನು ಆರ್ಸೆನಲ್ಲಿನ ವ್ಯವಸ್ಥಾಪಕ ಹರ್ಬರ್ಟ್ ಚಾಪ್ಮನ್ 1925ರಲ್ಲಿ ಕೊಂಡುಕೊಂಡ ಬಗೆಯೂ ವಿನೋದವಾದುದೇ. ಮೊದಲು 2000 ಪೌಂಡು; ಆಮೇಲೆ ಮೊದಲ ವರ್ಷ ಅವನು ಹೊಡೆಯುವ ಒಂದೊಂದು ಗೋಲಿಗೂ 100 ಪೌಂಡು. ಗದ್ದೆಯನ್ನು ಗುತ್ತಿಗೆಗೆ ಕೊಡುವಾಗ ಬೆಳೆ ನೋಡಿ ಪಾಲು ಕೇಳುವಂತಾಯಿತು.

ಅದೇ ಬುಕನ್ 1928ರಲ್ಲಿ ನಿವೃತ್ತನಾದಾಗ ಚಾಪ್ಮನ್ ಬೋಲ್ಟನ್ ಕ್ಲಬ್ಬಿನ ಡೇವಿಡ್ ಜ್ಯಾಕನ ಮೇಲೆ ಕಣ್ಣಿಟ್ಟನು. ಬೋಲ್ಟನಿನವರು 13,000 ಪೌಂಡು ಕೇಳಿದರು. ವ್ಯಾಪಾರ ಲಂಡನಿನ ಒಂದು ಹೋಟೆಲಿನಲ್ಲಿ ಕುದುರಬೇಕಾಗಿತ್ತು. ಚಾಪ್ಮನ್ನನ ಜೊತೆಗಿದ್ದ ಬಾಬ್ ವಾಲ್ ಮುಂದೆ ಹೇಳಿಕೊಂಡಂತೆ, ಚಾಪ್ಮನ್ ಅರ್ಧ ಗಂಟೆ ಮುಂಚೆಯೇ ಹೋಗಿ ಅಲ್ಲಿನ ಮಾಣಿಗೆ ಹಣ ಕೊಟ್ಟು, ಅತಿಥಿಗಳಿಗೆ ಮದ್ಯವನ್ನು ಎರಡರಷ್ಟು ಬೆರೆಸಿ ಕೊಡು, ನನ್ನ ಲೋಟಕ್ಕೆ ಬರಿಯ ಸೋಡದಂಥ ನೀರು ಸಾಕು ಎಂದು ಹೇಳಿಟ್ಟಿದ್ದನಂತೆ. ಅತಿಥಿಗಳು ಉಲ್ಲಾಸದಲ್ಲಿದ್ದಾಗ ಬೆಲೆ 10,890 ಪೌಂಡಿಗೆ ಇಳಿಯಿತು. ಇಳಿದದ್ದೇನೋ ಸರಿ, ಆದರೂ ಲೋಕದಲ್ಲಿ ಒಬ್ಬ ಆಟಗಾರನಿಗೆ ಹತ್ತು ಸಾವಿರ ಮೀರಿ ಕೊಟ್ಟದ್ದು ಅದೇ ಮೊದಲು.

ಈಗ ನಿಮ್ಮನ್ನು ಇನ್ನೊಂದು ಊರಿಗೆ ಕರೆದೊಯ್ಯುತ್ತೇನೆ. ಮ್ಯಾಂಚೆಸ್ಟರಿನ ಮಗ್ಗುಲಲ್ಲಿ ಬೆರಿ ಎಂಬ ಗಿರಣಿ ಊರಿದೆ. ಅದರ ಕ್ಲಬ್ಬು 1894ರಲ್ಲಿ ಲೀಗಿಗೆ ಸೇರಿತು. ದೇಶದ ಅತ್ಯಂತ ಹಳೆಯ ಪಂದ್ಯಾವಳಿಯಾದ ಎಫ್.ಎ. ಕಪ್ಪನ್ನು 1900ರಲ್ಲೂ 1903ರಲ್ಲೂ ಗೆದ್ದಿತು. ಎರಡನೆಯ ಸಲ ಫೈನಲಿನಲ್ಲಿ ಡರ್ಬಿ ತಂಡಕ್ಕೆ ಆರು ಗೋಲು ಹೊಡೆದು ಒಂದನ್ನೂ ಬಿಟ್ಟುಕೊಡಲಿಲ್ಲ. ಆ ಕೀರ್ತಿ ಮತ್ತೆ ಮರಳಲಿಲ್ಲ, ಆದರೆ ಕ್ಲಬ್ಬು ಬದುಕಿತು. ಹೇಗೆ? ಹುಡುಗರನ್ನು ಹುಡುಕಿ, ತಿದ್ದಿ, ಬೆಳೆಸಿ, ದೊಡ್ಡವರಿಗೆ ಮಾರಿ. ಮುಂದೆ ಇಂಗ್ಲೆಂಡಿನ ಹೆಸರಾಂತ ಆಟಗಾರನಾದ ಕಾಲಿನ್ ಬೆಲ್ಲನನ್ನು 1966ರಲ್ಲಿ 45,000 ಪೌಂಡಿಗೆ ಮ್ಯಾಂಚೆಸ್ಟರ್ ಸಿಟಿ ಕೊಂಡದ್ದು ಬೆರಿಯಿಂದ. 1981ರಲ್ಲಿ ಗೋಲ್‌ಕೀಪರ್ ನೆವಿಲ್ ಸೌತಾಲನನ್ನು 1,50,000 ಪೌಂಡಿಗೆ ಎವರ್ಟನ್ ಕೊಂಡದ್ದೂ ಬೆರಿಯಿಂದಲೇ. ಇಂಥ ಮಾರಾಟದ ಹಣ ಸಣ್ಣ ಕ್ಲಬ್ಬಿಗೆ ಸುಗ್ಗಿಯ ಬೆಳೆಯಿದ್ದ ಹಾಗೆ: ಸಂಬಳ, ಸಾಲ, ಮಾಡಿನ ರಿಪೇರಿ ಎಲ್ಲಕ್ಕೂ ಅದೇ. ವರ್ಗಾವಣೆಯ ಹಣ ಏರಿದಂತೆಲ್ಲ ಸಣ್ಣವರು ಸಾಯುತ್ತಾರೆಂದು ಸಾಮಾನ್ಯವಾಗಿ ಹೇಳುತ್ತಾರೆ. ನಾನು ಹಾಗೆ ಹೇಳಲಾರೆ. ಕೊಳ್ಳುವವನಾಗಿ ನೋಡಿದರೆ ಅದು ಶಾಪ, ಬೆಳೆದು ಮಾರುವವನಾಗಿ ನೋಡಿದರೆ ಅದು ಅನ್ನ.

ಆಟಗಾರರ ಜೀತ ಕಳಚಿದ್ದು ಮೆಲ್ಲಮೆಲ್ಲನೆ. ಸಂಬಳದ ಮಿತಿ 20 ಪೌಂಡಿಗೆ ಬಂದಿದ್ದಾಗ ಆಟಗಾರರ ಸಂಘದ ಜಿಮ್ಮಿ ಹಿಲ್ ಮುಷ್ಕರದ ಬೆದರಿಕೆ ಹಾಕಿ 1961ರ ಜನವರಿಯಲ್ಲಿ ಅದನ್ನು ತೆಗೆಸಿದನು. ಕೂಡಲೇ ಫುಲಂ ಕ್ಲಬ್ಬಿನ ಜಾನಿ ಹೇನ್ಸ್ ವಾರಕ್ಕೆ 100 ಪೌಂಡು ಪಡೆಯುವಂತಾದನು. ನ್ಯೂಕಾಸಲಿನಲ್ಲಿದ್ದ ಜಾರ್ಜ್ ಈಸ್ಟಂ ಬೇರೆ ಕಡೆ ಹೋಗಬೇಕೆಂದಾಗ ಕ್ಲಬ್ಬು ಬಿಡಲಿಲ್ಲ. ಅವನು ಆಟವನ್ನೇ ಬಿಟ್ಟು ಬಿರಡೆ ಮಾರುವ ಕೆಲಸಕ್ಕೆ ಸೇರಿದನು. ಕಡೆಗೆ 1960ರಲ್ಲಿ 47,500 ಪೌಂಡಿಗೆ ಆರ್ಸೆನಲ್ಲಿಗೆ ಬಿಟ್ಟುಕೊಟ್ಟರು. ಅವನು ಅಷ್ಟಕ್ಕೆ ಸುಮ್ಮನಾಗದೆ ಮೊಕದ್ದಮೆ ನಡೆಸಿದನು. 1963ರಲ್ಲಿ ನ್ಯಾಯಮೂರ್ತಿ ವಿಲ್ಬರ್‌ಫೋರ್ಸರು, ಕರಾರು ಮುಗಿದವನನ್ನು ಹಾಗೆ ಹಿಡಿದಿಡುವುದು ಅವನ ಜೀವನೋಪಾಯಕ್ಕೆ ನ್ಯಾಯವಲ್ಲದ ಅಡ್ಡಿ ಎಂದು ತೀರ್ಪಿತ್ತರು. ಉಳಿದ ಗಂಟನ್ನು ಬಿಚ್ಚಿದವನು ಬೆಲ್ಜಿಯಂ ದೇಶದ ಜ್ಯಾನ್ ಮಾರ್ಕ್ ಬಾಸ್ಮನ್. 1990ರಲ್ಲಿ ಕರಾರು ಮುಗಿದ ಮೇಲೆಯೂ ಲಿಯೇಜ್ ಕ್ಲಬ್ಬು ಅವನನ್ನು ಫ್ರಾನ್ಸಿನ ಡಂಕರ್ಕಿಗೆ ಹೋಗಗೊಡದೆ, ಸಂಬಳವನ್ನು ಕಾಲು ಭಾಗಕ್ಕೆ ಇಳಿಸುತ್ತೇನೆಂದಿತು. ಐದು ವರ್ಷ ವ್ಯಾಜ್ಯವಾಯಿತು. 1995ರ ಡಿಸೆಂಬರ್ 15ರಂದು ಯೂರೋಪಿನ ನ್ಯಾಯಾಲಯ, ಕರಾರು ಮುಗಿದವನು ಯೂರೋಪ್ ಒಕ್ಕೂಟದ ಬೇರೆ ದೇಶಕ್ಕೆ ಹೋದರೆ ಹಳೆಯ ಕ್ಲಬ್ಬು ಹಣ ಕೇಳುವಂತಿಲ್ಲವೆಂದು ಹೇಳಿತು. ಬಾಸ್ಮನ್ನನ ಆಟದ ಆಯುಷ್ಯ ಅಷ್ಟರಲ್ಲಿ ಕಳೆದುಹೋಗಿತ್ತು. ಅವನ ಗೆಲುವಿನ ಫಲ ಬೇರೆಯವರ ಪಾಲಾಯಿತು.

ನ್ಯಾಯವಾದದ್ದು ಆಟಗಾರರಿಗೆ, ಏಟು ಬಿದ್ದದ್ದು ಬೆಳೆಸುವವರಿಗೆ. ಹಾಲೆಂಡಿನ ಆಯಾಕ್ಸ್ ಸಾಮಾನ್ಯ ಕ್ಲಬ್ಬಲ್ಲ. 1995ರಲ್ಲಿ ತಾನೇ ಸಾಕಿದ ಹುಡುಗರನ್ನು ನೆಚ್ಚಿ ಯೂರೋಪಿನ ಕಪ್ಪನ್ನು ಗೆದ್ದಿತ್ತು. ಎರಡೇ ವರ್ಷದೊಳಗೆ ಡೇವಿಡ್ಸ್, ರೈಜಿಗರ್, ಕ್ಲೈವರ್ಟ್ ಮೂವರೂ ಕರಾರು ಮುಗಿಸಿಕೊಂಡು ಇಟಲಿಯ ಮಿಲಾನಿಗೆ ನಡೆದರು. ಆಯಾಕ್ಸಿಗೆ ಚಿಕ್ಕಾಸು ಬರಲಿಲ್ಲ. ಅಂದಿನಿಂದ ಕ್ಲಬ್ಬುಗಳು ಕರಾರು ಮುಗಿಯುವ ಮುನ್ನವೇ ಮಾರುವ ಆತುರಕ್ಕೆ ಬಿದ್ದವು, ದೀರ್ಘ ಕರಾರುಗಳನ್ನು ಬರೆಸತೊಡಗಿದವು. ಉಳಿದಿರುವ ವರ್ಷಗಳಿಗೇ ಬೆಲೆ ಬಂದಿತು.

ಜೀತ ಹೋದದ್ದಕ್ಕೆ ನಾನು ಮರುಗುವುದಿಲ್ಲ. ಮರುಕವಾಗುವುದು ಅದರ ಜೊತೆಜೊತೆಗೇ ಹೋದ ಇನ್ನೊಂದಕ್ಕೆ. 1983ರವರೆಗೆ ಲೀಗ್ ಪಂದ್ಯದ ಟಿಕೀಟಿನ ಹಣದಲ್ಲಿ ಪರಸ್ಥಳದಿಂದ ಬಂದ ತಂಡಕ್ಕೂ ಒಂದು ಪಾಲು ಇತ್ತು. ಆ ವರ್ಷದಿಂದ ಆತಿಥೇಯರೇ ಎಲ್ಲವನ್ನೂ ಇಟ್ಟುಕೊಳ್ಳುವಂತಾಯಿತು. ಟೆಲಿವಿಷನ್ನಿನ ಹಣವನ್ನು ಬಹುಕಾಲ ಲೀಗಿನ 92 ಕ್ಲಬ್ಬುಗಳೂ ಸಮನಾಗಿ ಹಂಚಿಕೊಳ್ಳುತ್ತಿದ್ದವು. 1992ರಲ್ಲಿ ಮೇಲಿನ ದರ್ಜೆಯ 22 ಕ್ಲಬ್ಬುಗಳು ಬೇರೆ ಮನೆ ಮಾಡಿ ಪ್ರೀಮಿಯರ್ ಲೀಗು ಎಂದು ಹೆಸರಿಟ್ಟುಕೊಂಡವು, ಐದು ವರ್ಷಕ್ಕೆ 30 ಕೋಟಿ 40 ಲಕ್ಷ ಪೌಂಡಿನ ಟೆಲಿವಿಷನ್ ಒಪ್ಪಂದವನ್ನು ಮಾಡಿಕೊಂಡವು. ಒಟ್ಟು ಕುಟುಂಬ ಒಡೆದಾಗ ಹಿರಿಯ ಮಗ ಬಾವಿಯಿರುವ ಹೊಲವನ್ನು ತನಗೆ ಬರೆಸಿಕೊಂಡಂತೆ. ಇದನ್ನು ಯಾವ ನ್ಯಾಯಾಲಯವೂ ಕೇಳಿರಲಿಲ್ಲ.

ಬೆಲೆ ಅಲ್ಲಿಂದ ಮುಂದೆ ಓಡಿದ ವೇಗ ನೋಡಿ. ಇಂಗ್ಲೆಂಡಿನಲ್ಲಿ ಸಾವಿರ ಪೌಂಡು ಹತ್ತು ಸಾವಿರವಾಗಲು 23 ವರ್ಷ, ಹತ್ತು ಸಾವಿರ ಹತ್ತು ಲಕ್ಷವಾಗಲು 51 ವರ್ಷ ಹಿಡಿದಿದ್ದವು. ಹತ್ತು ಲಕ್ಷವನ್ನು ಮುಟ್ಟಿದ್ದು 1979ರಲ್ಲಿ, ಟ್ರೆವರ್ ಫ್ರಾನ್ಸಿಸನನ್ನು ನಾಟಿಂಗಂ ಫಾರೆಸ್ಟ್ ಕ್ಲಬ್ಬಿಗೆ ಬ್ರಯನ್ ಕ್ಲಫ್ ಕೊಂಡಾಗ. 1996ರಲ್ಲಿ ಅಲನ್ ಷಿಯರರನ ಬೆಲೆ ಒಂದೂವರೆ ಕೋಟಿ. ಫಾರೆಸ್ಟಿನ ಮಾತು ಬಂದದ್ದರಿಂದ ಒಂದನ್ನು ಹೇಳಿಬಿಡುತ್ತೇನೆ. ಎರಡನೆಯ ದರ್ಜೆಯಿಂದ 1977ರಲ್ಲಿ ಮೇಲೆ ಬಂದು ಮರುವರ್ಷವೇ ಲೀಗನ್ನು ಗೆದ್ದ ಈ ಕ್ಲಬ್ಬಿಗೆ ಕೀರ್ತಿ ಬಂದದ್ದು ಹತ್ತು ಲಕ್ಷದವನೊಬ್ಬನಿಂದಲ್ಲ. ಗ್ಯಾರಿ ಬರ್ಟಲ್ಸ್ ಎಂಬವನನ್ನು ಅವರು ಲಾಂಗ್ ಈಟನ್ ಎಂಬ ಪುಟ್ಟ ಕ್ಲಬ್ಬಿನಿಂದ 2000 ಪೌಂಡಿಗೆ ತಂದಿದ್ದರು. ಅವನನ್ನು 1980ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ಡಿಗೆ ಹನ್ನೆರಡೂವರೆ ಲಕ್ಷಕ್ಕೆ ಮಾರಿ, ಎರಡು ವರ್ಷದ ಮೇಲೆ ಅದರ ಕಾಲು ಭಾಗಕ್ಕೂ ಕಡಿಮೆಗೆ ಅವನನ್ನೇ ಮರಳಿ ತಂದರು! ನಮ್ಮ ದನದ ಜಾತ್ರೆಯ ದಲ್ಲಾಳಿಗಳೂ ಇದಕ್ಕೆ ಭೇಷ್ ಎನ್ನಬೇಕು.

ಸಣ್ಣವರ ದಾರಿ ಇಂದಿಗೂ ಇದೇ: ಬೆಲೆ ಕಟ್ಟುವವರು ಬರುವ ಮೊದಲೇ ಆಟಗಾರನನ್ನು ಕಂಡುಕೊಳ್ಳುವುದು. ರೈಲ್ವೆ ಊರಾದ ಕ್ರೂ ಎಂಬಲ್ಲಿ 1983ರಲ್ಲಿ ಹೊಣೆ ಹೊತ್ತ ಡೇರಿಯೋ ಗ್ರಾಡಿ ಹುಡುಗರನ್ನು ತಿದ್ದುವುದನ್ನೇ ಕ್ಲಬ್ಬಿನ ಕಸುಬಾಗಿ ಮಾಡಿದರು. ಮ್ಯಾಂಚೆಸ್ಟರ್ ಯುನೈಟೆಡ್ ಬೇಡವೆಂದು ಬಿಟ್ಟ ಡೇವಿಡ್ ಪ್ಲ್ಯಾಟನನ್ನು ತಂದು 1988ರಲ್ಲಿ ಆಸ್ಟನ್ ವಿಲ್ಲಾಕ್ಕೆ 2,00,000 ಪೌಂಡಿಗೆ ಮಾರಿದರು. ಮೂರು ವರ್ಷದಲ್ಲಿ ವಿಲ್ಲಾ ಅವನನ್ನು ಇಟಲಿಯ ಬಾರಿ ಕ್ಲಬ್ಬಿಗೆ ಮಾರಿದ್ದು 55 ಲಕ್ಷಕ್ಕೆ. ಇಂಥವನ್ನು ಕಂಡು ಸಣ್ಣವರು ಬುದ್ಧಿ ಕಲಿತರು. ಈಗ ಮಾರುವಾಗಲೇ, ಮುಂದೆ ನೀವು ಇವನನ್ನು ಲಾಭಕ್ಕೆ ಮಾರಿದರೆ ಆ ಲಾಭದಲ್ಲಿ ನಮಗಿಷ್ಟು ಪಾಲು ಎಂದು ಪತ್ರದಲ್ಲಿ ಬರೆಸಿಕೊಳ್ಳುತ್ತಾರೆ. 2003ರಿಂದ ಅಭಿಮಾನಿಗಳ ಸಂಘದ ಒಡೆತನದಲ್ಲಿರುವ ಎಕ್ಸೆಟರ್ ಕ್ಲಬ್ಬು ತಾನು ಬಾಲ್ಯದಿಂದ ಬೆಳೆಸಿದ ಆಲಿ ವಾಟ್ಕಿನ್ಸನನ್ನು 2017ರಲ್ಲಿ ಬ್ರೆಂಟ್‌ಫರ್ಡಿಗೆ ಸುಮಾರು 18 ಲಕ್ಷ ಪೌಂಡಿಗೆ ಕೊಟ್ಟಿತು. 2020ರಲ್ಲಿ ಬ್ರೆಂಟ್‌ಫರ್ಡ್ ಅವನನ್ನು ಸುಮಾರು 2 ಕೋಟಿ 80 ಲಕ್ಷಕ್ಕೆ ಮಾರಿದಾಗ ಎಕ್ಸೆಟರಿಗೂ ಪಾಲು ಬಂತು.

ಬ್ರೆಂಟ್‌ಫರ್ಡಿನ ಒಡೆಯ ಮ್ಯಾಥ್ಯೂ ಬೆನಂ, ಬ್ರೈಟನಿನ ಒಡೆಯ ಟೋನಿ ಬ್ಲೂಮ್ ಇಬ್ಬರೂ ಪಂದ್ಯದ ಬಾಜಿ ಕಟ್ಟುವುದರಲ್ಲಿ ಅಂಕಿ ಅಂಶಗಳನ್ನು ಅರೆದು ಕುಡಿದವರು. ಆಟಗಾರ ಹೊಡೆದ ಗೋಲುಗಳನ್ನಷ್ಟೇ ಎಣಿಸದೆ, ಎಂಥ ಜಾಗದಿಂದ ಎಷ್ಟು ಸಲ ಹೊಡೆಯುವ ಅವಕಾಶ ಮಾಡಿಕೊಂಡನೆಂದು ಲೆಕ್ಕಹಾಕಿ, ಬೇರೆಯವರ ಕಣ್ಣಿಗೆ ಬೀಳದವನನ್ನು ಆರಿಸುವ ವಿದ್ಯೆ ಇವರದು. ಬ್ರೆಂಟ್‌ಫರ್ಡ್ 2016ರಲ್ಲಿ ತನ್ನ ಎಳೆಯ ಹುಡುಗರ ಶಾಲೆಯನ್ನೇ ಮುಚ್ಚಿತು. 2012ರಿಂದ ಬಂದ ನಿಯಮದಂತೆ ದೊಡ್ಡ ಕ್ಲಬ್ಬುಗಳು ಗೊತ್ತುಪಡಿಸಿದ ಅಲ್ಪ ಪರಿಹಾರ ಕೊಟ್ಟು ಹುಡುಗರನ್ನು ಎತ್ತಿಕೊಂಡು ಹೋಗಬಹುದಾಗಿದ್ದುದರಿಂದ, ಬಿತ್ತುವವರೊಬ್ಬರು, ಕೊಯ್ಯುವವರೊಬ್ಬರು ಎಂಬಂತಾಗಿತ್ತು. ಅದರ ಬದಲು ದೊಡ್ಡವರು ಕೈಬಿಟ್ಟ ತರುಣರನ್ನು ಕೂಡಿಸಿ ಎರಡನೆಯ ತಂಡ ಕಟ್ಟಿತು. ಮುಂದೆ ಶಾಲೆಯನ್ನು ಮತ್ತೆ ತೆರೆದರು, ಅದಿರಲಿ. 1947ರಿಂದ ಕಾಣದಿದ್ದ ಮೇಲಿನ ದರ್ಜೆಯನ್ನು 2021ರಲ್ಲಿ ಕಂಡರು. ಬ್ರೈಟನಿನ ಕಥೆ ಇನ್ನೂ ಕರುಣಾಜನಕ. 1997ರ ಹೊತ್ತಿಗೆ ಅದರ ಮೈದಾನವನ್ನೇ ಮಾರಿಬಿಟ್ಟಿದ್ದರು. ಕೊನೆಯ ದಿನ ಹೆರ್‌ಫರ್ಡಿನಲ್ಲಿ ಪಂದ್ಯವನ್ನು ಸಮ ಮಾಡಿಕೊಂಡು ಲೀಗಿನಿಂದ ಹೊರಬೀಳುವುದನ್ನು ತಪ್ಪಿಸಿಕೊಂಡಿತು. ಅದೇ ಕ್ಲಬ್ಬು 2021ರಲ್ಲಿ ಎಕ್ವಡಾರ್ ದೇಶದಿಂದ ಮೊಯ್ಸೆಸ್ ಕೈಸೆಡೊ ಎಂಬ ಹುಡುಗನನ್ನು ಸುಮಾರು 40 ಲಕ್ಷ ಪೌಂಡಿಗೆ ತಂದು, 2023ರಲ್ಲಿ ಚೆಲ್ಸಿ ಕ್ಲಬ್ಬಿಗೆ ಮಾರಿತು: ಮೊದಲಿಗೆ ಹತ್ತು ಕೋಟಿ, ಮುಂದೆ ಸೇರಬಹುದಾದದ್ದು ಒಂದೂವರೆ ಕೋಟಿ. ಆದರೆ ಇವೆರಡರ ಬೆನ್ನಿಗೂ ಹಣವುಳ್ಳ, ತಾಳ್ಮೆಯುಳ್ಳ ಒಡೆಯರಿದ್ದಾರೆಂಬುದನ್ನು ಮರೆಯಬಾರದು. ಬರಿಯ ಲೆಕ್ಕದ ಪುಸ್ತಕದಿಂದ ಮೈದಾನ ಕಟ್ಟಲಾಗುವುದಿಲ್ಲ.

ಅಂಥ ಒಡೆಯರಿಲ್ಲದವರಿಗೂ ಒಂದು ಆಧಾರವಿದೆ. 2001ರಿಂದ ಅಂತರರಾಷ್ಟ್ರೀಯ ಸಂಸ್ಥೆಯಾದ ಫೀಫಾದ ನಿಯಮದಂತೆ, ಆಟಗಾರನು ದೇಶದಿಂದ ದೇಶಕ್ಕೆ ಹೋದಾಗ ಆ ಹಣದಲ್ಲಿ 100ಕ್ಕೆ 5ರಷ್ಟನ್ನು ಅವನನ್ನು 12ರಿಂದ 23ನೆಯ ವಯಸ್ಸಿನವರೆಗೆ ತಿದ್ದಿದ ಕ್ಲಬ್ಬುಗಳಿಗೆ ಹಂಚಬೇಕು. ಹನ್ನೆರಡರಿಂದ ಹದಿನೈದರವರೆಗಿನ ನಾಲ್ಕು ವರ್ಷ ಸಾಕಿದ ಕ್ಲಬ್ಬಿಗೆ 100ಕ್ಕೆ 1. ಹತ್ತು ಕೋಟಿಯ ಆಟಗಾರನಿಂದ ಹತ್ತು ಲಕ್ಷ ಬಂದರೆ ಒಂದು ಊರಿನ ಕ್ಲಬ್ಬಿಗೆ ಅದು ಹಲವು ವರ್ಷದ ಅನ್ನ. ನಮ್ಮ ಬೆಂಗಳೂರಿನ ಅಹಮದ್ ಖಾನರು 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಆಡಿ, ಮರುವರ್ಷ ಕಲ್ಕತ್ತೆಯ ಈಸ್ಟ್ ಬೆಂಗಾಲ್ ಸೇರಿ ಸುಮಾರು ಹತ್ತು ವರ್ಷ ಅಲ್ಲಿ ಮೆರೆದರು. ಆಗ ನಮ್ಮ ದೇಶದ ಆಟ ಹೆಸರಿಗೆ ಹವ್ಯಾಸದ್ದು. ಅವರನ್ನು ಬೆಳೆಸಿದ ಬೆಂಗಳೂರಿನ ಮೈದಾನಗಳಿಗೆ ಬಂದದ್ದು ಹೆಮ್ಮೆಯೊಂದೇ.

ಬೆರಿಗೆ ಏನಾಯಿತೆಂದು ಹೇಳಲಿಲ್ಲ. ಹುಡುಗರನ್ನು ಬೆಳೆಸಿ ಮಾರುತ್ತಿದ್ದ ಆ ಕ್ಲಬ್ಬು ಕಡೆಕಡೆಗೆ ತನ್ನ ಟಿಕೀಟಿನ ಹಣ ತಾಳದಷ್ಟು ಸಂಬಳ ಕೊಟ್ಟು ಮೇಲೇರಲು ಹೊರಟಿತು. ಸಾಲ ಬೆಳೆಯಿತು, ಮೈದಾನ ಅಡವಿಗೆ ಹೋಯಿತು. ಒಬ್ಬ ಆಟಗಾರನಿಗೆ ಕೋಟಿಗಳು ಸುರಿಯುತ್ತಿದ್ದ ಕಾಲದಲ್ಲಿ, 2018ರ ಡಿಸೆಂಬರಿನಲ್ಲಿ, ಇಡೀ ಕ್ಲಬ್ಬು ಒಂದೇ ಒಂದು ಪೌಂಡಿಗೆ ಕೈ ಬದಲಾಯಿಸಿತು. 2019ರ ವಸಂತದಲ್ಲಿ ಸಂಬಳ ಸರಿಯಾಗಿ ಸಿಗದ ಆಟಗಾರರೇ ಆಡಿ ಅದನ್ನು ಮೇಲಿನ ದರ್ಜೆಗೆ ಏರಿಸಿದರು. ಸಾಲ ತೀರಿಸುವ ಭರವಸೆಯನ್ನು ಮಾತ್ರ ಯಾರೂ ತೋರಿಸಲಿಲ್ಲ. ಆಗಸ್ಟ್ 27ರಂದು, ಕೊಳ್ಳುವವರು ಬಂದಾರು, ಶನಿವಾರ ಪಂದ್ಯ ನಡೆದೀತು ಎಂಬ ಆಸೆಯಿಂದ ನೂರಾರು ಜನ ಗಿಗ್ ಲೇನ್ ಮೈದಾನಕ್ಕೆ ಬಂದು ಕುರ್ಚಿಗಳನ್ನು ಒರೆಸಿದರು, ಕಸ ಗುಡಿಸಿದರು. ಅದೇ ರಾತ್ರಿ ಲೀಗು ಬೆರಿಯನ್ನು ಹೊರಹಾಕಿತು. 125 ವರ್ಷಗಳ ಸದಸ್ಯತ್ವ ಮುಗಿಯಿತು. ಅಭಿಮಾನಿಗಳು ಚಂದಾ ಎತ್ತಿ ತಂಡವನ್ನು ಮತ್ತೆ ಕಟ್ಟಿದರು. 2023ರಲ್ಲಿ ಗಿಗ್ ಲೇನಿನಲ್ಲಿ ಬೆರಿಯ ಹೆಸರಿನಲ್ಲಿ ಮರಳಿ ಆಟ ಶುರುವಾಯಿತು, ಲೀಗಿಗೆ ಎಷ್ಟೋ ಮೆಟ್ಟಿಲು ಕೆಳಗೆ. ಅಂದು ಕುರ್ಚಿ ಒರೆಸಿದವರಲ್ಲಿ ಅನೇಕರು ಈಗ ಆ ಕ್ಲಬ್ಬಿನ ಒಡೆಯರು.